ಏಳನೆಯ ಗೂಟದ ಬಟ್ಟಲು

ಆ ಊರಿನ ಮಾತು ಕಣಿವೆಯನ್ನು ದಾಟುತ್ತಿರಲಿಲ್ಲ. ಈ ಗುಡ್ಡದ ಮೇಲೆ ನಿಂತು ಎಷ್ಟೇ ಗಟ್ಟಿಯಾಗಿ ಕೂಗಿದರೂ ದನಿ ಮಂಜಿನೊಳಗೆ ಇಳಿದು ಅಲ್ಲೇ ಕೂತುಬಿಡುತ್ತಿತ್ತು. ಕಣಿವೆಯಾಚೆಯ ಆ ಗುಡ್ಡಕ್ಕೆ ಹೋಗುವ ದಾರಿ ಇತ್ತು, ಬರುವ ದಾರಿ ಇರಲಿಲ್ಲ. ಹೋದವರು ಅಲ್ಲೇ ಉಳಿಯುತ್ತಿದ್ದರು, ಅಲ್ಲೇ ಉಣ್ಣುತ್ತಿದ್ದರು, ಅಲ್ಲೇ ಕೆಮ್ಮುತ್ತಿದ್ದರು. ಅವರೊಂದಿಗೆ ಮಾತಾಡಬೇಕಾದರೆ ನೂಲಿನ ಚಾವಡಿಗೆ ಹೋಗಬೇಕಾಗಿತ್ತು.

ಚಾವಡಿಯ ಗೋಡೆಯುದ್ದಕ್ಕೂ ಮರದ ಗೂಟಗಳು. ಒಂದೊಂದು ಗೂಟಕ್ಕೆ ಒಂದೊಂದು ನೂಲು. ಜೇನುಮೇಣ ಸವರಿದ ಆ ನೂಲು ಕಿಟಕಿಯಿಂದ ಹೊರಟು, ಕಣಿವೆಯ ಮೇಲೆ ಹಾದು, ಆ ಗುಡ್ಡದ ಯಾವುದೋ ಒಂದು ಮನೆಯ ಕಂಬ ಸೇರುತ್ತಿತ್ತು. ಬೆರಳಲ್ಲಿ ಹಿಡಿದು ತುಟಿಯ ಹತ್ತಿರ ತಂದರೆ ಹೇಳಬಹುದು, ಕಿವಿಯ ಹತ್ತಿರ ತಂದರೆ ಕೇಳಬಹುದು. ನೂಲಿನಲ್ಲಿ ಮಾತು ದಾಟುತ್ತಿತ್ತು, ದನಿ ದಾಟುತ್ತಿರಲಿಲ್ಲ. ಗಂಡಸರದೋ ಹೆಂಗಸರದೋ, ಮುದುಕರದೋ ಎಳೆಯರದೋ, ಎಲ್ಲ ಮಾತೂ ಒಂದೇ ತೆಳ್ಳನೆಯ ಗುಂಯ್ ಎನ್ನುವ ಸದ್ದಾಗಿ ಬರುತ್ತಿತ್ತು. ಹೆಸರುಗಳಂತೂ ನಡುದಾರಿಯಲ್ಲೇ ಉದುರಿಹೋಗುತ್ತಿದ್ದವು. ಹಾಗಾಗಿ ಆ ಊರಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಪ್ರತಿ ಗೂಟದ ಕೆಳಗೆ ಒಂದು ಮರದ ಬಟ್ಟಲು. ನೂಲನ್ನು ಮೊದಲ ಸಲ ಹಿಡಿದ ದಿನ ಹೊಳೆಯ ಒಂದು ಬೆಣಚುಕಲ್ಲನ್ನು ಬಟ್ಟಲಿಗೆ ಹಾಕಬೇಕು. ಇನ್ನು ಈ ನೂಲು ನನಗೆ ಸಾಕು ಎಂದುಕೊಂಡ ದಿನ ಒಂದು ಕಲ್ಲನ್ನು ತೆಗೆದು ಹೊಸ್ತಿಲಾಚೆಯ ಗುಡ್ಡೆಗೆ ಸೇರಿಸಬೇಕು. ಒಂದೇ ನೂಲನ್ನು ನಾಲ್ವರು ಹಿಡಿದಿದ್ದರೆ ಬಟ್ಟಲಲ್ಲಿ ನಾಲ್ಕು ಕಲ್ಲು. ಮೂವರು ಬಿಟ್ಟರೂ ಒಂದು ಕಲ್ಲು ಇರುವ ತನಕ ಆ ನೂಲನ್ನು ಯಾರೂ ಮುಟ್ಟುವಂತಿಲ್ಲ. ಬಟ್ಟಲು ಬರಿದಾದ ಗಳಿಗೆಯಲ್ಲಿ ಮಾತ್ರ ನೂಲು ಕಾಯುವವನು ಎದ್ದು ಬರುತ್ತಿದ್ದ. ನೂಲನ್ನು ತುಟಿಗೆ ತಂದು, "ಮುಗಿಯಿತು" ಎನ್ನುತ್ತಿದ್ದ, ಆ ಕಡೆಯವರು ತಮ್ಮ ತುದಿ ಬಿಚ್ಚಿಕೊಳ್ಳಲಿ ಎಂದು. ಆಮೇಲೆ ಕತ್ತರಿಸುತ್ತಿದ್ದ. ಬರಿದಾದ ಗೂಟ ಮುಂದೆ ಕೇಳಿಕೊಂಡು ಬಂದವರ ಪಾಲಿಗೆ ಹೋಗುತ್ತಿತ್ತು.

ಕಲ್ಲುಗಳೆಲ್ಲ ಒಂದೇ ಥರ ಇದ್ದವು. ಯಾವುದು ಯಾರದು ಎಂದು ಗುರುತು ಹಾಕುವಂತಿರಲಿಲ್ಲ. ನೂಲು ಕಾಯುವವನ ಕಣ್ಣು ಬಟ್ಟಲುಗಳ ಮೇಲೆ ಇರುತ್ತಿತ್ತು, ಕೈಗಳ ಮೇಲಲ್ಲ.

ಆ ಊರಿನ ಶಾಲೆಯಲ್ಲಿ ಅಕ್ಷರಕ್ಕೂ ಮೊದಲು ಕಲಿಸುತ್ತಿದ್ದ ಪಾಠ ಇದು. ಮೇಷ್ಟ್ರು ಮೇಜಿನ ಮೇಲೆ ಬಟ್ಟಲಿಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೇಳಿಸುತ್ತಿದ್ದರು:

"ಒಂದು ಹಾಕು, ಒಂದು ತೆಗೆ. ಹಾಕದ್ದನ್ನು ತೆಗೆಯಬೇಡ. ತೆಗೆಯದೆ ಹೋಗಬೇಡ."

ಮೇಷ್ಟ್ರು ಲೆಕ್ಕದ ಮನುಷ್ಯ. ಅವರ ಹಾಜರಿ ಪುಸ್ತಕದಲ್ಲಿ ಚಿತ್ತು ಇರಲಿಲ್ಲ. ವರ್ಷಕ್ಕೊಮ್ಮೆ ಎಣಿಕೆಯ ದಿನ ಚಾವಡಿಯಲ್ಲಿ ಗೂಟದಿಂದ ಗೂಟಕ್ಕೆ ಹೋಗಿ ಕೈಗಳನ್ನೂ ಕಲ್ಲುಗಳನ್ನೂ ತಾಳೆ ನೋಡುವ ಕೆಲಸವನ್ನು ಊರು ಹನ್ನೊಂದು ವರ್ಷದಿಂದ ಅವರಿಗೇ ಬಿಟ್ಟಿತ್ತು.

ಬಾಗಿಲಿನಿಂದ ಒಳಗೆ ಏಳನೆಯ ಗೂಟ ಅವರ ಮನೆಯದು. ಮನೆಯ ಮಗು ತೀರಿಹೋದ ಮೇಲೆ ಅವರ ಹೆಂಡತಿಗೆ ಆ ಮನೆಯ ಗೋಡೆಗಳನ್ನು ನೋಡುತ್ತಾ ಕೂರಲು ಆಗಲಿಲ್ಲ. ಒಂದು ಬೆಳಿಗ್ಗೆ ತಲೆ ಬಾಚಿಕೊಂಡು ಆ ಗುಡ್ಡದ ದಾರಿ ಹಿಡಿದಳು. ಮೇಷ್ಟ್ರು ತಡೆಯಲಿಲ್ಲ. ಮಾರನೆಯ ದಿನ ಏಳನೆಯ ಗೂಟಕ್ಕೆ ನೂಲು ಹಾಕಿಸಿ ಒಂದು ಕಲ್ಲು ಹಾಕಿದರು. ಅವಳ ತಾಯಿ, ಮೇಷ್ಟ್ರ ಅತ್ತೆ, ಮೂರು ಬೀದಿ ಆಚೆ ಮಡಕೆ ಮಾಡಿಕೊಂಡಿದ್ದವರು, ಕೈಯ ಮಣ್ಣು ಒರೆಸಿಕೊಂಡು ಬಂದು ಇನ್ನೊಂದು ಕಲ್ಲು ಹಾಕಿದರು. ಬಟ್ಟಲಲ್ಲಿ ಎರಡು ಕಲ್ಲು.

ಅತ್ತೆಗೆ ನೂಲಿನಲ್ಲಿ ಹೇಳಲು ಬೇಕಾದಷ್ಟು ಇರುತ್ತಿತ್ತು. ಮೇಷ್ಟ್ರಿಗೆ ಇರುತ್ತಿರಲಿಲ್ಲ. ಅವರು ನೂಲು ಹಿಡಿದು, ಇವತ್ತು ಇಪ್ಪತ್ತಮೂರು ಮಕ್ಕಳು ಬಂದಿದ್ದರು, ಎನ್ನುತ್ತಿದ್ದರು. ಆ ಕಡೆಯಿಂದ, ಹೌದಾ, ಎಂದು ಬರುತ್ತಿತ್ತು. ಆಮೇಲೆ ಇಬ್ಬರೂ ನೂಲು ಹಿಡಿದುಕೊಂಡು ಸುಮ್ಮನಿರುತ್ತಿದ್ದರು. ಇಬ್ಬರೂ ಹೇಳದೆ ಬಿಟ್ಟ ಮಗುವಿನ ಮಾತು ಕಣಿವೆಯ ನಡುವೆ ತೂಗಾಡುತ್ತಿರುತ್ತಿತ್ತು. ಒಂದು ದಿನ ಅವಳು ಹೇಳಿದಳು: "ನಿಮಗೆ ಕಷ್ಟ ಆದರೆ ಬಿಡಿ. ಅವ್ವ ಹಿಡಿದಿದ್ದಾಳಲ್ಲ, ನನಗೆ ಅಷ್ಟು ಸಾಕು."

ಮೇಷ್ಟ್ರು ಬಿಡಲು ನಿಶ್ಚಯಿಸಿದರು.

ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಚಾವಡಿಗೆ ಹೋಗಿ ಬಟ್ಟಲಿಗೆ ಕೈ ಹಾಕಿದರು. ಆಗಲೇ ಶಾಲೆಯ ಗಂಟೆ ಬಾರಿಸಿತು. ಹನ್ನೊಂದು ವರ್ಷದಲ್ಲಿ ಅವರು ಗಂಟೆಯ ನಂತರ ಶಾಲೆಗೆ ಹೋದವರಲ್ಲ. ಅವಸರದಲ್ಲಿ ಹೆಜ್ಜೆ ಹಾಕಿದರು. ಹೊಸ್ತಿಲು ದಾಟಿದ್ದು ನೆನಪಿತ್ತು, ಗುಡ್ಡೆಯ ಹತ್ತಿರ ನಿಂತದ್ದು ನೆನಪಿರಲಿಲ್ಲ.

ಮಧ್ಯಾಹ್ನ ಪಾಠ ಹೇಳಿಸುವಾಗ ಅನುಮಾನ ಹುಟ್ಟಿತು. 'ತೆಗೆಯದೆ ಹೋಗಬೇಡ' ಎಂದು ಮಕ್ಕಳು ಕೂಗುತ್ತಿದ್ದವು. ಬೆಳಿಗ್ಗೆ ತಾನು ತೆಗೆದೆನೋ ಇಲ್ಲವೋ? ಬಟ್ಟಲಿನ ಅಂಚು ಬೆರಳಿಗೆ ತಗುಲಿದ್ದು ನೆನಪಿತ್ತು. ಕಲ್ಲಿನ ಭಾರ ನೆನಪಿರಲಿಲ್ಲ. ತೆಗೆಯದೆ ಹೋದವರಿಂದಲೇ ಚಾವಡಿಯ ಎಷ್ಟೋ ಗೂಟಗಳು ಯಾರಿಗೂ ಬೇಡದ ನೂಲು ಹೊತ್ತು ನಿಂತಿದ್ದವು. ಅಂಥವರಲ್ಲಿ ತಾನೂ ಒಬ್ಬನಾಗುವುದು ಮೇಷ್ಟ್ರಿಗೆ ಸಹಿಸಲಾಗದ ಮಾತು.

ಸಂಜೆ ಬಿಸಿಲು ಇರುವಾಗಲೇ ಹೋಗಿ ನೋಡಿದರು. ಏಳನೆಯ ಬಟ್ಟಲಲ್ಲಿ ಒಂದು ಕಲ್ಲು ಇತ್ತು.

ಅದು ಯಾರದು? ಅವರು ಲೆಕ್ಕ ಹಾಕಿದರು. ಕಳೆದ ವಾರ ಅತ್ತೆ ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತಾ, "ಇನ್ನು ಆ ಚಾವಡಿ ಮೆಟ್ಟಿಲು ನನ್ನ ಕೈಲಿ ಆಗಲ್ಲ ಅಳಿಯಂದ್ರೇ, ಮುಗೀತು ನನ್ನ ಹತ್ತೋದು ಇಳಿಯೋದು" ಎಂದಿದ್ದರು. ಹಾಗಾದರೆ ಅತ್ತೆ ತಮ್ಮ ಕಲ್ಲು ತೆಗೆದಿರಬೇಕು. ಹಾಗಾದರೆ ಉಳಿದದ್ದು ತನ್ನದು. ಹಾಗಾದರೆ ಬೆಳಿಗ್ಗೆ ತೆಗೆಯದೆ ಹೋದದ್ದು ನಿಜ. ಲೆಕ್ಕ ಚೊಕ್ಕಟವಾಗಿತ್ತು. ಅತ್ತೆಯ ಮನೆ ಮೂರು ಬೀದಿ ಆಚೆ ಇತ್ತು, ಹೋಗಿ ಕೇಳಬಹುದಿತ್ತು. ಲೆಕ್ಕ ಅಷ್ಟು ಚೊಕ್ಕಟವಾಗಿದ್ದುದರಿಂದ ಕೇಳಬೇಕೆಂದು ಅನಿಸಲಿಲ್ಲ. ಕಲ್ಲನ್ನು ತೆಗೆದರು. ಗುಡ್ಡೆಗೆ ಹಾಕಲು ಹೋದವರು, ಹೆಂಡತಿಯ ನೂಲಿನ ಕೊನೆಯ ಕಲ್ಲು ಇದು ಎಂದು ಮನಸ್ಸು ಬಾರದೆ, ಜುಬ್ಬದ ಎಡ ಜೇಬಿಗೆ ಇಳಿಬಿಟ್ಟು ಮನೆಯ ದಾರಿ ಹಿಡಿದರು.

ಮನೆಯ ಬಾಗಿಲ ಬೀಗ ತೆಗೆಯಲು ಬಲ ಜೇಬಿಗೆ ಕೈ ಹಾಕಿದರು. ಬೀಗದಕೈಯ ಜೊತೆ ಒಂದು ಬೆಣಚುಕಲ್ಲು ಕೈಗೆ ಬಂತು.

ಅವರು ಬಾಗಿಲು ತೆಗೆಯಲಿಲ್ಲ. ಬಲಗೈಯಲ್ಲಿ ಒಂದು ಕಲ್ಲು, ಎಡ ಜೇಬಿನಲ್ಲಿ ಒಂದು ಕಲ್ಲು. ಬಂದ ದಾರಿಯಲ್ಲೇ ಓಡಿದರು. ಮೇಷ್ಟ್ರು ಓಡುವುದನ್ನು ಆ ಊರು ಅದುವರೆಗೆ ನೋಡಿರಲಿಲ್ಲ.

ನೂಲು ಕಾಯುವವನು ಹೊಸ್ತಿಲ ಮೇಲೆ ಕೂತು ಕತ್ತರಿಸಿದ ನೂಲನ್ನು ಮೊಣಕೈಗೆ ಸುತ್ತುತ್ತಿದ್ದ.

"ಈಗ ತಾನೇ ಮುಗಿಸಿದೆ ಮೇಷ್ಟ್ರೇ, ನಿಮ್ಮ ಏಳನೇದು," ಎಂದ. "ಬಟ್ಟಲು ಬರಿದಾಗಿತ್ತು. ಎಲ್ಲ ಕ್ರಮವಾಗಿ ಮಾಡಿದೆ. ಮುಗಿಯಿತು ಅಂದೆ. ಆ ಕಡೆಯಿಂದ ಒಂದು ಮಾತು ಕೇಳಿದರು."

"ಏನು?"

"'ಅವ್ವನೂ ಬಿಟ್ಟಳಾ?' ಅಂತ. ಬಟ್ಟಲು ಬರಿದಾಗಿದೆ ತಾಯಿ ಅಂದೆ. ಇನ್ನೇನು ಅನ್ನಲಿ? ಆಮೇಲೆ ಕತ್ತರಿಸಿದೆ." ಅವನು ಸುತ್ತು ಬಿಗಿ ಮಾಡಿದ. "ಯಾಕೆ, ಏನಾದರೂ ಮರೆತಿರಾ?"

ಮೇಷ್ಟ್ರ ಎರಡೂ ಕೈ ಎರಡೂ ಜೇಬುಗಳಲ್ಲಿ ಇದ್ದವು.

"ಇಲ್ಲ," ಎಂದರು.

ಕಲ್ಲು ತೆಗೆದದ್ದು ತಪ್ಪು ಲೆಕ್ಕ. ಈ 'ಇಲ್ಲ' ತಪ್ಪು ಲೆಕ್ಕವಲ್ಲ. ಅದು ಅವರಿಗೆ ಆಗಲೇ ಗೊತ್ತಿತ್ತು.

ಅತ್ತೆಗೆ ಅವರು ಹೇಳಿದ್ದು ಅರ್ಧ. "ನಾನು ಬಿಟ್ಟೆ ಅತ್ತೆ," ಎಂದರು. ಅತ್ತೆ ಚಕ್ರ ತಿರುಗಿಸುತ್ತಲೇ, "ಗಂಡಸರು ಇಷ್ಟು ದಿನ ಹಿಡಿದದ್ದೇ ಹೆಚ್ಚು. ಹೋಗಲಿ ಬಿಡಿ, ನಾನಿದೀನಲ್ಲ" ಎಂದರು. "ಮೆಟ್ಟಿಲು ಹತ್ತಲು ಆಗಲ್ಲ ಅಂದಿರಲ್ಲ?" ಎಂದು ಮೇಷ್ಟ್ರು ಕೇಳಿದರು. "ನೋವು ಬಂದಾಗ ಹಾಗೆ ಅಂತೀನಿ. ನೋವು ಹೋದಾಗ ಹತ್ತುತೀನಿ. ಮಾತಿಗೆ ಅಂದದ್ದನ್ನೆಲ್ಲ ಬರೆದಿಟ್ಟುಕೊಳ್ತೀರಾ ನೀವು?"

ಆ ಉಳಿದ ಅರ್ಧವನ್ನು ನಾಳೆ ಹೇಳಬೇಕೆಂದು ಮೇಷ್ಟ್ರು ಅಂದುಕೊಂಡರು. ನಾಡಿದ್ದು ಹೇಳಬೇಕೆಂದು ಅಂದುಕೊಂಡರು. ಅಷ್ಟರಲ್ಲಿ ಉಪ್ಪು ಮಾರುವವನ ತಂಗಿ ಆ ಗುಡ್ಡಕ್ಕೆ ಹೋದಳು. ಏಳನೆಯ ಗೂಟ ಖಾಲಿ ಇತ್ತು. ಅವನು ನೂಲು ಹಾಕಿಸಿ ಒಂದು ಕಲ್ಲು ಹಾಕಿದ.

ನೋವು ಹೋದ ಒಂದು ಸೋಮವಾರ ಅತ್ತೆ ಮೆಟ್ಟಿಲು ಹತ್ತಿದರು. ಬಾಗಿಲಿನಿಂದ ಏಳು ಗೂಟ ಎಣಿಸಿದರು. ಬಟ್ಟಲಲ್ಲಿ ಒಂದು ಕಲ್ಲು ಇತ್ತು. ಅಳಿಯಂದಿರು ಬಿಟ್ಟಿದ್ದಾರೆ, ಇದು ನನ್ನದು, ಎಂದುಕೊಂಡರು. ನೂಲು ತುಟಿಗೆ ತಂದು, "ಮಗಾ, ಉಂಡೆಯಾ?" ಎಂದರು.

ಆ ಕಡೆ, ತಾಯಿ ಇಲ್ಲದೆ ಬೆಳೆದ ಹುಡುಗಿ ನೂಲನ್ನು ಕಿವಿಯಿಂದ ತುಟಿಗೆ ತಂದಳು. ಆಮೇಲೆ, "ಉಂಡೆ," ಎಂದಳು.

ಹೀಗೆ ವರ್ಷ ನಡೆಯಿತು. ಪ್ರತಿ ಸೋಮವಾರ ಅತ್ತೆ ಚಾವಡಿಯಿಂದ ನೇರ ಮೇಷ್ಟ್ರ ಮನೆಗೆ ಬರುತ್ತಿದ್ದರು, ಸುದ್ದಿ ಕೊಡಲು.

"ಕೆಮ್ಮು ಇನ್ನೂ ಹೋಗಿಲ್ಲವಂತೆ. ಮೆಣಸಿನ ಕಷಾಯ ಮಾಡಿಕೋ ಅಂದೆ. ಹುರುಳಿ ಸಾರು ಕಲಿತಳಂತೆ! ನನ್ನ ಹತ್ತಿರ ಹುರುಳಿ ಅಂದರೆ ಮೂಗು ಮುಚ್ಚಿಕೊಳ್ತಿದ್ದಳು. ಈಗೀಗ ನಗೋ ಮಾತು ಆಡ್ತಾಳೆ ಅಳಿಯಂದ್ರೇ. ಅಲ್ಲಿಗೆ ಹೋದ ಮೇಲೆ ಒಳ್ಳೆಯದೇ ಆಗಿದೆ ಅವಳಿಗೆ."

ಮೇಷ್ಟ್ರು ಕುಡಿಯಲು ನೀರು ತಂದುಕೊಡುತ್ತಿದ್ದರು. ಅತ್ತೆ ನೀರು ಕುಡಿಯುವಾಗ ಅವರು ಎಡ ಜೇಬಿನ ಕಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಜುಬ್ಬ ಬದಲಿಸಿದಾಗಲೆಲ್ಲ ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ವರ್ಗಾಯಿಸುತ್ತಿದ್ದರು. ಕಲ್ಲಿಗೆ ಗುರುತಿಲ್ಲದ ಊರಿನಲ್ಲಿ ಅವರಿಗೆ ಮಾತ್ರ ಒಂದು ಕಲ್ಲಿನ ಗುರುತಿತ್ತು. ಅತ್ತೆ ಮುಂದೆ ಕೂತು ಮಗಳ ನಗುವನ್ನು ಹೇಳುತ್ತಿದ್ದರು, ಮಗಳು ಕಣಿವೆಯಾಚೆ, ಅವ್ವನೂ ಬಿಟ್ಟಳು, ಎಂದುಕೊಂಡು ಬದುಕುತ್ತಿದ್ದಳು. ಎರಡರ ನಡುವೆ ನಿಂತವರು ನೀರಿನ ಚೊಂಬು ಹಿಡಿದಿದ್ದರು.

ಒಂದು ದಿನ ಉಪ್ಪು ಮಾರುವವನು ಶಾಲೆಯ ಹತ್ತಿರ ಬಂಡಿ ನಿಲ್ಲಿಸಿದ.

"ಮೇಷ್ಟ್ರೇ, ಎಣಿಕೆ ದಿನ ಏಳನೇ ಗೂಟ ಸ್ವಲ್ಪ ಸರಿಯಾಗಿ ನೋಡಿ. ನನ್ನ ನೂಲಲ್ಲಿ ಯಾರೋ ಕಲ್ಲು ಹಾಕದೆ ಮಾತಾಡ್ತಿದಾರೆ."

"ಯಾರು?"

"ಯಾವಳೋ ಮುದುಕಿ ಇರಬೇಕು, ಮಾತಿನ ಧಾಟಿ ಹಾಗಿದೆಯಂತೆ. ತಂಗಿ ಹೇಳಿದಳು. ವಾರಕ್ಕೊಂದು ಸಲ ಬಂದು, ತಲೆಗೆ ಎಣ್ಣೆ ಹಾಕಿಕೊಂಡೆಯಾ, ಕಷಾಯ ಕುಡಿದೆಯಾ ಅಂತ ಕೇಳ್ತಾಳಂತೆ. ಅದು ಹಾಳಾಗಿಹೋಗಲಿ. ಹೋದ ವಾರ ಏನಂದಿದಾಳೆ ಗೊತ್ತಾ? 'ನಿನ್ನ ಗಂಡ ಒಳ್ಳೆಯವನೇ ಕಣೇ, ಲೆಕ್ಕ ಮಾತ್ರ ಜಾಸ್ತಿ' ಅಂತ! ಮದುವೆಯಾಗದ ಹುಡುಗಿಗೆ ಎಲ್ಲಿಯ ಗಂಡ? ಈ ನೂಲು ಹಿಡಿದ ಗಂಡಸು ನಾನೊಬ್ಬನೇ, ಅಂದರೆ ನನ್ನನ್ನೇ ಅವಳ ಗಂಡ ಅಂದುಕೊಂಡದ್ದು ಅಂತ ತಂಗಿ ಒಂದು ದಿನವೆಲ್ಲ ನಕ್ಕಳಂತೆ. ನಾನು ಯಾವತ್ತಾದರೂ ಲೆಕ್ಕ ಮಾಡಿದ್ದು ಕಂಡಿದೀರಾ ನೀವು? ಮುಷ್ಟಿಯಲ್ಲಿ ತೆಗೆದು ಕೊಡೋನು ನಾನು."

ಮೇಷ್ಟ್ರು ನಗಲಿಲ್ಲ. "ನೋಡೋಣ," ಎಂದರು.

ಕಲ್ಲು ಹಾಕದೆ ನೂಲು ಹಿಡಿದವರ ಕೈಗೂ, ತನ್ನದಲ್ಲದ ಕಲ್ಲು ತೆಗೆದವರ ಕೈಗೂ ಆ ಊರಿನಲ್ಲಿ ಒಂದೇ ಶಿಕ್ಷೆ. ಬಲಗೈಯನ್ನು ಮಣಿಕಟ್ಟಿನ ತನಕ ಮಸಿಯ ಗಡಿಗೆಯಲ್ಲಿ ಅದ್ದುತ್ತಿದ್ದರು. ಆ ಮಸಿ ಹೋಗುತ್ತಿರಲಿಲ್ಲ. ಮಸಿಯ ಕೈಯವರು ಚಾವಡಿಯಲ್ಲಿ ಇನ್ನೆಂದೂ ಕಲ್ಲು ಹಾಕುವಂತಿಲ್ಲ, ಕಲ್ಲು ತೆಗೆಯುವಂತಿಲ್ಲ. ಮಡಕೆ ಮಾಡಿ, ಮಣ್ಣು ತೊಳೆದು ಬಿಳಿಚಿಕೊಂಡ ಅತ್ತೆಯ ಕೈಗಳು ಮೇಷ್ಟ್ರ ಕಣ್ಣ ಮುಂದೆ ಬಂದವು.

ಎಣಿಕೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವರು ಚಾವಡಿಗೆ ಹೋದರು. ಎಣಿಕೆ ಕರೆಯುವವರು ಮೊದಲು ಬರುವುದು ಪದ್ಧತಿಯೇ, ಯಾರೂ ಏನೂ ಅಂದುಕೊಳ್ಳಲಿಲ್ಲ. ಎಡ ಜೇಬಿನ ಕಲ್ಲನ್ನು ತೆಗೆದು ಏಳನೆಯ ಬಟ್ಟಲಿಗೆ ಹಾಕಿದರು. ಈಗ ಬಟ್ಟಲಲ್ಲಿ ಎರಡು. ಹಿಡಿಯುವ ಕೈ ಎರಡು. ಲೆಕ್ಕ ಸರಿ. ಒಂದು ವರ್ಷದ ನಂತರ ಎಡ ಜೇಬು ಹಗುರವಾಗಿತ್ತು. ಅವರು ಹಗುರವಾಗಿರಲಿಲ್ಲ.

ಊರು ನೆರೆಯಿತು. ಎಲ್ಲರೂ ತಮ್ಮ ತಮ್ಮ ನೂಲನ್ನು ಎಡಗೈಯಲ್ಲಿ ಹಿಡಿದು ನಿಂತರು. ಮೇಷ್ಟ್ರು ಮೊದಲ ಗೂಟದ ಮುಂದೆ ನಿಂತು, "ಕೈ?" ಎಂದರು. ಹಿಡಿದವರು, "ಮೂರು," ಎಂದರು. "ಕಲ್ಲು?" ಎಂದರು. ನೂಲು ಕಾಯುವವನು ಬಟ್ಟಲು ನೋಡಿ, "ಮೂರು," ಎಂದ. "ಸರಿ," ಎಂದರು ಮೇಷ್ಟ್ರು. "ಸರಿ," ಎಂದಿತು ಊರು. ಎರಡನೆಯ ಗೂಟ. ಕೈ? ಒಂದು. ಕಲ್ಲು? ಒಂದು. ಸರಿ. ಸರಿ. ಮೂರನೆಯ ಗೂಟ. ನಾಲ್ಕನೆಯ ಗೂಟ.

ಏಳನೆಯ ಗೂಟ ಬರುವ ಮೊದಲೇ ಅಲ್ಲಿ ಗಲಾಟೆ ಶುರುವಾಗಿತ್ತು.

"ಯಾರಪ್ಪ ನೀನು, ನನ್ನ ಮಗಳ ನೂಲು ಹಿಡಿಯೋಕೆ?" ಅತ್ತೆ ಉಪ್ಪು ಮಾರುವವನ ಕೈಯನ್ನು ನೂಲಿನಿಂದ ಬಿಡಿಸುತ್ತಿದ್ದರು.

"ಮಗಳಾ? ಅಜ್ಜೀ, ಅವಳು ನನ್ನ ತಂಗಿ!"

"ನಿನ್ನ ತಂಗಿ ಹೇಗಾಗ್ತಾಳೆ? ನಾನು ಹೆತ್ತದ್ದು ಒಂದೇ. ನಿನ್ನನ್ನ ಯಾವಾಗ ಹೆತ್ತೆ ನಾನು, ಮರೆತೇಹೋಯಿತಾ?"

ಚಾವಡಿಯೆಲ್ಲ ನಕ್ಕಿತು. ಉಪ್ಪು ಮಾರುವವನೂ ನಗು ತಡೆದುಕೊಂಡು, "ಓಹೋ, ಆ ಎಣ್ಣೆ ಕಷಾಯದ ಮುದುಕಿ ನೀವೇನಾ?" ಎಂದ. ಮೇಷ್ಟ್ರು ಮುಂದೆ ಬಂದು ನಿಂತದ್ದನ್ನು ಕಂಡು ಎಲ್ಲರೂ ಸುಮ್ಮನಾದರು.

"ಕೈ?" ಎಂದರು ಮೇಷ್ಟ್ರು.

"ಎರಡು," ಎಂದರು ಇಬ್ಬರೂ, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾ.

"ಕಲ್ಲು?"

ನೂಲು ಕಾಯುವವನು ಬಗ್ಗಿ ನೋಡಿದ. ಎರಡು ಸಲ ನೋಡಿದ. "ಎರಡು."

"ಎರಡು ಹೇಗೆ?" ಎಂದ ಉಪ್ಪು ಮಾರುವವನು. "ನಿನ್ನೆ ಸಂಜೆ ಒಂದೇ ಇತ್ತು."

"ಒಂದು ನನ್ನದು," ಎಂದರು ಅತ್ತೆ. "ಇನ್ನೊಂದು ಎಲ್ಲಿಂದ ಬಂತೋ ನನಗೂ ತಿಳೀದು."

"ಕೈ ಎರಡು, ಕಲ್ಲು ಎರಡು," ಎಂದ ನೂಲು ಕಾಯುವವನು. "ಯಾವುದು ಯಾರದು ಅಂತ ಈ ಚಾವಡಿ ಯಾವತ್ತೂ ಕೇಳಿಲ್ಲ. ಹೇಳಿ ಮೇಷ್ಟ್ರೇ, ಸರಿ ಅಂತ. ಇನ್ನೂ ಮೂವತ್ತು ಗೂಟ ಇದೆ."

ಊರು ಕಾಯುತ್ತಿತ್ತು. ಅದು ಒಂದೇ ಮಾತು. ಆ ಮಾತು ಹೇಳಿದರೆ ಅತ್ತೆಯ ಕೈ ಬಿಳಿಯಾಗಿಯೇ ಉಳಿಯುತ್ತಿತ್ತು, ತನ್ನದೂ. ಸೋಮವಾರ ಸೋಮವಾರ ಹುರುಳಿ ಸಾರಿನ ಸುದ್ದಿ ಬರುತ್ತಿತ್ತು. ಬಟ್ಟಲಿನ ಲೆಕ್ಕದಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗುತ್ತಿರಲಿಲ್ಲ.

"ಸರಿಯಲ್ಲ," ಎಂದರು ಮೇಷ್ಟ್ರು.

ಅವರು ಬಟ್ಟಲಿನಿಂದ ಒಂದು ಕಲ್ಲನ್ನು ಎತ್ತಿ ಅಂಗೈಯಲ್ಲಿ ಹಿಡಿದರು. "ಇದನ್ನು ಇವತ್ತು ಬೆಳಿಗ್ಗೆ ನಾನು ಹಾಕಿದೆ. ಇದು ನಮ್ಮ ಅತ್ತೆಯದು. ಹೋದ ವರ್ಷ ಒಂದು ಬೆಳಿಗ್ಗೆ ನನ್ನದನ್ನು ತೆಗೆದೆ. ತೆಗೆಯಲಿಲ್ಲ ಎಂದುಕೊಂಡು ಸಂಜೆ ಇದನ್ನೂ ತೆಗೆದೆ. ಅತ್ತೆಯ ಮಗಳ ನೂಲು ಆವತ್ತೇ ಕತ್ತರಿಸಿಹೋಯಿತು. ಈ ನೂಲು ಬೇರೆ. ಆ ಕಡೆ ಇರುವುದು ಇವನ ತಂಗಿ. ನನಗೆ ಆವತ್ತಿನಿಂದಲೂ ಗೊತ್ತಿತ್ತು."

ಅತ್ತೆ ತಮ್ಮ ಕೈಯಲ್ಲಿದ್ದ ನೂಲನ್ನು ನೋಡಿದರು. ಬಿಸಿ ಪಾತ್ರೆ ಇಳಿಸುವ ಹಾಗೆ ಮೆಲ್ಲಗೆ ಅದನ್ನು ಬಿಟ್ಟರು. ಮೇಷ್ಟ್ರ ಕಡೆ ತಿರುಗಲಿಲ್ಲ. ನೂಲು ಕಾಯುವವನನ್ನು ಕೇಳಿದರು:

"ಕತ್ತರಿಸೋವಾಗ ಅವಳು ಏನಾದರೂ ಅಂದಳಾ?"

ಅವನು ನೆಲ ನೋಡಿದ. "ಅವ್ವನೂ ಬಿಟ್ಟಳಾ ಅಂತ ಕೇಳಿದಳು, ಅಮ್ಮ."

"ನೀನು?"

"ಬಟ್ಟಲು ಬರಿದಾಗಿದೆ ಅಂದೆ."

ಅತ್ತೆ ಅಲ್ಲೇ ಗೋಡೆಗೆ ಒರಗಿ ಕೂತರು. "ಒಂದು ವರ್ಷ," ಎಂದರು. ಖಾಲಿ ಅಂಗೈ ನೋಡಿಕೊಂಡು, "ನಾನು ಇನ್ನೊಬ್ಬರ ಮಗಳಿಗೆ ಕಷಾಯ ಕುಡಿಸ್ತಿದ್ದೆ. ನನ್ನದು ಅಲ್ಲಿ..." ಎಂದು ನಿಲ್ಲಿಸಿದರು. ಆಮೇಲೆ ಅಳಿಯನ ಮುಖ ನೋಡಿದರು. "ಮೂರೇ ಬೀದಿ ಅಳಿಯಂದ್ರೇ. ಬಂದು ಒಂದು ಮಾತು ಕೇಳೋಕೆ ಆಗಲಿಲ್ಲವಾ?"

ಮೇಷ್ಟ್ರು ತಾವೇ ಜುಬ್ಬದ ತೋಳು ಮಡಚಿಕೊಂಡು ಮಸಿಯ ಗಡಿಗೆಯ ಹತ್ತಿರ ಹೋದರು. ತಿಳಿಯದೆ ಹಿಡಿದ ಕೈ ಎಂದು ಅತ್ತೆಯನ್ನು ಊರು ಅಲ್ಲಿಗೆ ಕರೆಯಲಿಲ್ಲ.

ಮಾರನೆಯ ದಿನದಿಂದ ಅವರು ಕಪ್ಪು ಕೈಯಲ್ಲಿ ಬಿಳಿ ಸೀಮೆಸುಣ್ಣ ಹಿಡಿದು ಪಾಠ ಮಾಡಿದರು. ಮಕ್ಕಳು ಮೊದಲ ದಿನ ಹೆದರಿದವು, ಎರಡನೆಯ ದಿನ ಕೇಳಿದವು. "ತೊಳೆದರೆ ಹೋಗುತ್ತಾ ಮೇಷ್ಟ್ರೇ?" "ಇಲ್ಲ." "ಬೂದಿ ಹಾಕಿ ತಿಕ್ಕಿದರೆ?" "ಆಗಲೂ ಇಲ್ಲ." ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಬಟ್ಟಲಲ್ಲಿ ಇರೋದು ನಮ್ಮದೋ ಅಲ್ಲವೋ ಅಂತ ಗೊತ್ತಾಗದಿದ್ದರೆ ಏನು ಮಾಡಬೇಕು?" ಎಂದಳು. ಅಷ್ಟು ವರ್ಷದ ಪಾಠದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ಹೋಗಿ ಕೇಳಬೇಕು," ಎಂದರು. ಅಂದಿನಿಂದ ಪಾಠಕ್ಕೆ ಆ ಸಾಲೂ ಸೇರಿತು.

ಅತ್ತೆ ಹದಿನೈದು ದಿನ ಮನೆಯಿಂದ ಹೊರಗೆ ಬರಲಿಲ್ಲ. ಚಕ್ರವೂ ತಿರುಗಲಿಲ್ಲ. ಹದಿನಾರನೆಯ ದಿನ ಉಪ್ಪು ಮಾರುವವನು ಬಂಡಿಯನ್ನು ಅವರ ಬಾಗಿಲಲ್ಲಿ ನಿಲ್ಲಿಸಿ ಕೆಮ್ಮಿದ.

"ಅಜ್ಜೀ, ತಂಗಿ ಕೇಳ್ತಿದಾಳೆ."

"ಏನಂತೆ ಅವಳಿಗೆ?"

"ಸೋಮವಾರ ಬರೋರು ಎಲ್ಲಿ ಅಂತ. ನೀವು ಯಾರು ಅಂತ ಹೇಳಿದೆ. ಆದರೂ ಕೇಳ್ತಾಳೆ."

ಅತ್ತೆ ಎದ್ದರು. ಹೊಳೆಗೆ ಹೋಗಿ ಸೆರಗಿನಲ್ಲಿ ಕಲ್ಲು ಆಯ್ದುಕೊಂಡು ಬಂದರು. ಶಾಲೆಯ ಬಾಗಿಲಲ್ಲಿ ನಿಂತು, ಪಾಠ ನಡೆಯುತ್ತಿದ್ದಂತೆಯೇ, "ಬನ್ನಿ," ಎಂದರು. ಮೇಷ್ಟ್ರು ಪಾಠವನ್ನು ಅರ್ಧಕ್ಕೆ ಬಿಟ್ಟು ಅವರ ಹಿಂದೆ ಹೋದರು.

ಅತ್ತೆ ಏಳನೆಯ ಬಟ್ಟಲಿಗೆ ಒಂದು ಕಲ್ಲು ಹಾಕಿದರು. ಉಪ್ಪು ಮಾರುವವನ ಎದುರಿಗೇ ಹಾಕಿದರು. ಆಮೇಲೆ ಚಾವಡಿಯ ಕೊನೆಯ ಗೂಟಕ್ಕೆ ಹೋದರು. ಕಿಟಕಿಯ ಗಾಳಿ ಬಡಿಯುತ್ತದೆಂದು ಆ ಗೂಟವನ್ನು ಯಾರೂ ಕೇಳುತ್ತಿರಲಿಲ್ಲ. "ಇಲ್ಲಿಂದ ಒಂದು ಹೊಸ ನೂಲು ಬಿಡಪ್ಪ," ಎಂದು ನೂಲು ಕಾಯುವವನಿಗೆ ಹೇಳಿದರು.

ಅವನು ನೂಲಿನ ತುದಿಗೆ ಬೂರುಗದ ಹತ್ತಿ ಕಟ್ಟಿ ಗಾಳಿಗೆ ಬಿಟ್ಟ. ಹತ್ತಿ ಯಾರ ಅಂಗಳಕ್ಕೆ ಬೀಳಬೇಕೋ ಅಲ್ಲೇ ಬೀಳುತ್ತದೆ ಎಂದು ಊರು ನಂಬಿತ್ತು. ಎತ್ತಿ ಕಂಬಕ್ಕೆ ಕಟ್ಟುವುದು ಬಿಡುವುದು ಆ ಮನೆಯವರ ಇಷ್ಟ. ಕಟ್ಟುವ ತನಕ ನೂಲು ಕಣಿವೆಯಲ್ಲಿ ಸಡಿಲವಾಗಿ ಬಿದ್ದಿರುತ್ತದೆ, ಮಾತು ದಾಟುವುದಿಲ್ಲ.

ಅತ್ತೆ ಬಟ್ಟಲಿಗೆ ಒಂದು ಕಲ್ಲು ಹಾಕಿ, "ಇದು ನನ್ನದು," ಎಂದರು. ಇನ್ನೊಂದು ಹಾಕಿ, "ಇದು ನಿಮ್ಮದು. ನಿಮ್ಮ ಕೈಯಲ್ಲಿ ಹಾಕೋ ಹಾಗಿಲ್ಲ, ಅದಕ್ಕೆ ನಾನೇ ಹಾಕಿದೆ. ತೆಗೆಯೋ ಹಾಗೂ ಇಲ್ಲ. ಇನ್ನು ನೀವು ಬಿಡ್ತೀನಿ ಅಂದರೂ ಆಗಲ್ಲ" ಎಂದರು. ದನಿಯಲ್ಲಿ ಸಿಟ್ಟು ಇತ್ತು. ಸಿಟ್ಟು ಮಾತ್ರವೇ ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ.

"ದಿನಾ ಬಂದು ಒಂದು ಮಾತು ಹೇಳಿ. ಅವ್ವ ಬಿಟ್ಟಿರಲಿಲ್ಲ ಅಂತ. ಆ ಕಡೆ ಕಟ್ಟಲಿ, ಬಿಡಲಿ. ಇಪ್ಪತ್ತಮೂರು ಮಕ್ಕಳು ಬಂದಿದ್ದರು ಅಂತ ಹೇಳಬೇಡಿ."

ಮೇಷ್ಟ್ರು ದಿನಾ ಹೋದರು. ಸಡಿಲವಾದ ನೂಲನ್ನು ಕಪ್ಪು ಬೆರಳಲ್ಲಿ ಎತ್ತಿ, "ಅವ್ವ ಬಿಟ್ಟಿರಲಿಲ್ಲ," ಎಂದರು. ಮಾತು ನೂಲಿನ ಸಡಿಲಕ್ಕೆ ಇಳಿದು ಮಂಜಿನಲ್ಲಿ ಕೂತುಬಿಡುತ್ತಿತ್ತು. ಮಾರನೆಯ ದಿನ ಮತ್ತೆ ಹೇಳಿದರು. ಸೋಮವಾರ ಅತ್ತೆ ಏಳನೆಯ ಗೂಟದಲ್ಲಿ ಎಣ್ಣೆ, ಕಷಾಯ ವಿಚಾರಿಸಿ ಮುಗಿಸಿ, ಕೊನೆಯ ಗೂಟದ ಹತ್ತಿರ ಬಂದು ನೂಲನ್ನು ಕಿವಿಗಿಟ್ಟುಕೊಂಡು ಕೂರುತ್ತಿದ್ದರು. ಗಾಳಿ ಕೇಳುತ್ತಿತ್ತು.

ಹೀಗೆ ಎರಡು ಎಣಿಕೆಯ ದಿನಗಳು ಕಳೆದವು. ಮೂರನೆಯದಕ್ಕೆ ಅತ್ತೆ ಇರಲಿಲ್ಲ.

ತೀರಿಹೋದವರ ಕಲ್ಲನ್ನು ಹನ್ನೊಂದನೆಯ ದಿನ ಆ ಮನೆಯ ಹಿರಿಯರು ತೆಗೆಯಬೇಕು. ನೂಲು ಕಾಯುವವನು ಮೇಷ್ಟ್ರ ಮನೆಗೆ ಬಂದು ಬಾಗಿಲಲ್ಲಿ ನಿಂತ. "ಆ ಮನೆಗೆ ಉಳಿದ ಹಿರಿಯರು ನೀವೇ," ಎಂದ. ಮೇಷ್ಟ್ರು ತಮ್ಮ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಅವನು ನಿಟ್ಟುಸಿರು ಬಿಟ್ಟು ಉಪ್ಪು ಮಾರುವವನ ಹತ್ತಿರ ಹೋದ. "ನಾನಾ? ಆ ಮುದುಕಿ ಕಲ್ಲು ಮುಟ್ಟಿದರೆ ತಂಗಿ ನನ್ನ ಹತ್ತಿರ ಮಾತು ಬಿಡ್ತಾಳೆ," ಎಂದು ಅವನು ಬಂಡಿ ಹೊಡೆದುಕೊಂಡು ಹೋದ. ಎರಡು ಬಟ್ಟಲುಗಳಲ್ಲಿ ಅತ್ತೆಯ ಎರಡು ಕಲ್ಲು ಹಾಗೇ ಉಳಿದವು.

ಆ ವರ್ಷ ಎಣಿಕೆ ಕರೆದವಳು ಮೇಷ್ಟ್ರ ಹತ್ತಿರವೇ ಓದಿದವಳು. ಕೊನೆಯ ಗೂಟದ ಮುಂದೆ ನಿಂತು, ಅವರ ಮುಖ ನೋಡಲಾಗದೆ, "ಕೈ?" ಎಂದಳು.

"ಒಂದು," ಎಂದರು ಮೇಷ್ಟ್ರು.

"ಕಲ್ಲು?"

"ಎರಡು," ಎಂದ ನೂಲು ಕಾಯುವವನು.

"ಒಂದು ಹೆಚ್ಚಿದೆ," ಎಂದರು ಮೇಷ್ಟ್ರು, ಊರಿಗೆಲ್ಲ ಕೇಳುವಂತೆ. "ನನ್ನ ಮನೆಯ ಬಟ್ಟಲು ತಾಳೆಯಾಗುವುದಿಲ್ಲ. ಬರೆದು ಇಡಿ." ಮುಂದಿನ ವರ್ಷವೂ ಹಾಗೇ ಹೇಳಿದರು. ಅದರ ಮುಂದಿನ ವರ್ಷವೂ. ಹಾಜರಿ ಪುಸ್ತಕದಲ್ಲಿ ಚಿತ್ತಿಲ್ಲದ ಮನುಷ್ಯ ವರ್ಷಕ್ಕೊಮ್ಮೆ ಎದ್ದು ನಿಂತು ಅಷ್ಟನ್ನು ಹೇಳಿ ಕೂರುತ್ತಿದ್ದರು.

ಒಂದು ಬೆಳಿಗ್ಗೆ, ಶಾಲೆಗೆ ಹೋಗುವ ಮುಂಚೆ, ಅವರು ಕೊನೆಯ ಗೂಟದ ಹತ್ತಿರ ಹೋದಾಗ ನೂಲು ನೆಲ ಬಿಟ್ಟು ಮೇಲೆದ್ದಿತ್ತು. ಕಿಟಕಿಯಿಂದ ಆಚೆ ಮಂಜಿನ ಮೇಲೆ ನೆಟ್ಟಗೆ ಹೋಗಿತ್ತು. ಆ ಕಡೆ ಯಾರೋ ಕಟ್ಟಿದ್ದರು.

ಅವರು ನೂಲನ್ನು ಮುಟ್ಟಲು ಹೆದರಿದರು. ಆಮೇಲೆ ತುಟಿಗೆ ತಂದು, ದಿನಾ ಹೇಳುವ ಮಾತನ್ನು ಹೇಳಿ, ಅದಕ್ಕೆ ಇನ್ನೊಂದನ್ನು ಸೇರಿಸಿದರು: "ಅವ್ವ ಬಿಟ್ಟಿರಲಿಲ್ಲ. ನಾನು ತೆಗೆದೆ. ಅವ್ವನ ಕಲ್ಲನ್ನು ನಾನು ತೆಗೆದೆ."

ನೂಲು ಕಿವಿಗಿಟ್ಟುಕೊಂಡರು. ಶಾಲೆಯ ಗಂಟೆ ಬಾರಿಸಿತು. ಅವರು ಕದಲಲಿಲ್ಲ.

"ನೂಲು ಅವ್ವನ ಕೈಗೆ ಕೊಡಿ," ಎಂದು ನೂಲು ಹೇಳಿತು. ಅದರಲ್ಲಿ ದನಿ ಇರಲಿಲ್ಲ, ಮಾತು ಮಾತ್ರ ಇತ್ತು.

ಮೇಷ್ಟ್ರು ಬಟ್ಟಲು ನೋಡಿದರು. ಎರಡು ಕಲ್ಲುಗಳು ಒಂದಕ್ಕೊಂದು ತಾಗಿಕೊಂಡು ಕೂತಿದ್ದವು. ಇದೇ ಚಾವಡಿಯ ಹೊಸ್ತಿಲಲ್ಲಿ ತಾವು ಒಮ್ಮೆ ಹೇಳಿದ 'ಇಲ್ಲ' ನೆನಪಾಯಿತು.

"ಅವ್ವ ಹೋದರು," ಎಂದರು. "ಬಿಟ್ಟು ಹೋಗಲಿಲ್ಲ. ಕಲ್ಲು ಇಲ್ಲೇ ಇದೆ."

ಈಗ ಅವಳು ತುದಿ ಬಿಚ್ಚಿಕೊಳ್ಳಬಹುದಿತ್ತು. ಮೇಷ್ಟ್ರು ಕಪ್ಪು ಕೈಯಲ್ಲಿ ನೂಲು ಹಿಡಿದು ನಿಂತೇ ಇದ್ದರು. ನೂಲು ಸಡಿಲವಾಗಲಿಲ್ಲ.